ದಿನಾಂಕ ಇಲ್ಲದವರು

ಎಣಿಕೆ ಸರಿಯಾಗಿತ್ತು. ನಾಲ್ಕು ವಾರದಿಂದ ಅವಳು ಈ ಎರಡು ಪದಗಳನ್ನು ಕಲ್ಲುಸಕ್ಕರೆಯ ಚೂರಿನಂತೆ ದವಡೆಯ ಮೂಲೆಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಕಣ್ಣಾಸ್ಪತ್ರೆಯ ಹಳೆಯ ಡೇಟಾಬೇಸಿನಲ್ಲಿ ಎಷ್ಟು ಹೆಸರುಗಳಿದ್ದವೋ ಹೊಸದರಲ್ಲೂ ಅಷ್ಟೇ ಇದ್ದವು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇನ್ನೂರ ಹದಿನಾಲ್ಕು ಕ್ವೆರಿಗಳನ್ನು, ಎಂದರೆ ಡೇಟಾಬೇಸಿಗೆ ಕೇಳುವ ಇನ್ನೂರ ಹದಿನಾಲ್ಕು ಪ್ರಶ್ನೆಗಳನ್ನು, ಹಳೆಯದರ ಭಾಷೆಯಿಂದ ಹೊಸದರ ಭಾಷೆಗೆ ಸಾಗಿಸಿದ್ದಾಗಿತ್ತು. ಒಬ್ಬ ರೋಗಿಯ ಹೆಸರೂ ದಾರಿಯಲ್ಲಿ ಬಿದ್ದುಹೋಗಿರಲಿಲ್ಲ. ಬೆಳಿಗ್ಗೆ ತಿಂಡಿ ತಟ್ಟೆಯ ಮುಂದೆ ಕೂತು ಗಂಡ, 'ಇನ್ನೇನು, ನಿನಗೆ ಹಾರ ಹಾಕೋದೊಂದು ಬಾಕಿ' ಎಂದಿದ್ದ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ತಪ್ಪಿಗೆ ತಾನು ಬ್ರೇಕ್ ಒತ್ತುವವನಾದ್ದರಿಂದ ಮನೆಯಲ್ಲಿ ಯಾರ ತಪ್ಪನ್ನೂ ಎತ್ತಿ ಆಡುವ ತ್ರಾಣ ಅವನಲ್ಲಿ ಉಳಿದಿರುತ್ತಿರಲಿಲ್ಲ. ಅವಳು ನಕ್ಕು ಹೊರಟಿದ್ದಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಮತ್ತೆ ಅದೇ: ಎಣಿಕೆ ಸರಿಯಾಗಿತ್ತು. ನಿಜವಾಗಿ ಸರಿಯಾಗಿರುವುದನ್ನು ಯಾರೂ ಇಷ್ಟು ಸಲ ತಮಗೆ ತಾವೇ ಹೇಳಿಕೊಳ್ಳುವುದಿಲ್ಲ ಎಂಬುದು ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಬಸ್ಸಿನ ಕುಲುಕಾಟದಲ್ಲಿ ಕೈಬಿಟ್ಟಳು.

ಕೋಣೆಯ ಬಾಗಿಲಲ್ಲಿ ಫೋನಕ್ಕ ನಿಂತಿದ್ದರು. ಅವರ ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಅದನ್ನು ನೋಡಿದ ಕೂಡಲೇ ಅವಳು ಬೇಸರದ ಮುಖ ಮಾಡಿದಳು. ಫೋನಕ್ಕ ಎಂದರೆ ಆಸ್ಪತ್ರೆಯ ಕಾಯುವವರ ಪಟ್ಟಿಗೆ ಬಾಯಿ ಇದ್ದ ಹಾಗೆ. ಯಾರೋ ತೀರಿಕೊಂಡು, ಅವರ ಮನೆಯವರು ಅಳುವಿನ ನಡುವೆಯೇ ಕಣ್ಣು ಕೊಡಲು ಒಪ್ಪಿ, ಆ ಕಣ್ಣು ಪರೀಕ್ಷೆಯಲ್ಲಿ ಪಾಸಾದ ಮೇಲೆ, ಪಟ್ಟಿಯಲ್ಲಿ ಮೊದಲಿದ್ದವರಿಗೆ ಫೋನ್ ಹಚ್ಚಿ 'ಇವತ್ತೇ ಹೊರಟು ಬನ್ನಿ' ಎನ್ನುವವರು ಅವರು. ತಿಂಗಳಿಗೆ ಅಂಥ ಎರಡು ಫೋನು, ಹೆಚ್ಚೆಂದರೆ ಮೂರು. ಉಳಿದ ಸಮಯವೆಲ್ಲ 'ಇನ್ನೂ ಇಲ್ಲ' ಎನ್ನುವ ಫೋನುಗಳೇ. ಇಪ್ಪತ್ತಾರು ವರ್ಷದ ಹಿಂದೆ ನೆಲ ಒರೆಸುವ ಕೆಲಸಕ್ಕೆ ಸೇರಿದವರು, ಯಾರೋ ಒಂದು ದಿನ ಅವರ ದನಿ ಕೇಳಿ ಫೋನಿನ ಮುಂದೆ ಕೂರಿಸಿದ್ದರು. ಎರಡು ವಾರದ ಹಿಂದೆ ಹೀಗೇ ಬಂದು, 'ಮೇಡಂ, ಪಟ್ಟಿ ಯಾಕೋ ತಲೆಕೆಳಗಾದ ಹಾಗಿದೆ' ಎಂದಿದ್ದರು. ಅವಳು ತಲೆ ಎತ್ತದೆ, 'ನೀವು ಕಾಲಂ ಮೇಲೆ ಕ್ಲಿಕ್ ಮಾಡಿರ್ತೀರಿ, ಅದಕ್ಕೇ ಹಾಗೆ ಕಾಣುತ್ತೆ. ಮೌಸ್ ಸ್ವಲ್ಪ ನೋಡ್ಕೊಂಡು ಉಪಯೋಗಿಸಿ' ಎಂದಿದ್ದಳು. ಪಕ್ಕದಲ್ಲಿ ಇಬ್ಬರು ಗುಮಾಸ್ತರು ಇದ್ದರು. ಒಬ್ಬ ಮುಗುಳ್ನಕ್ಕಿದ್ದ. ಫೋನಕ್ಕ, 'ಇರಬಹುದು ಮೇಡಂ' ಎಂದು ಹೊರಟುಹೋಗಿದ್ದರು.

'ಮತ್ತೆ ಪಟ್ಟಿ ವಿಷಯಾನಾ?' ಎಂದಳು ಅವಳು.

'ಹೂಂ ಮೇಡಂ. ಬೀಗದವರು ಫೋನ್ ಮಾಡಿದ್ರು.'

'ಯಾರು ಬೀಗದವರು?'

'ಬೀಗ ರಿಪೇರಿ ಮಾಡ್ತಾರಲ್ಲ, ಅವರು. ಪ್ರತಿ ತಿಂಗಳು ಮೊದಲನೇ ಸೋಮವಾರ ಒಂಬತ್ತಕ್ಕೆ ಸರಿಯಾಗಿ ಅವರ ಫೋನು. ನನ್ನ ನಂಬರ್ ಎಷ್ಟಮ್ಮಾ ಅಂತ ಕೇಳೋದು, ನಾನು ನೋಡಿ ಹೇಳೋದು. ಹನ್ನೆರಡು ವರ್ಷದಿಂದ ಇದೇ. ಇನ್ನೂರ ತೊಂಬತ್ತರಿಂದ ಶುರುವಾಗಿದ್ದು. ಹೋದ ತಿಂಗಳು ಒಂದು ಅಂದೆ. ಒಂದಾ ಅಂದ್ರು. ಒಂದೇ, ಇನ್ನು ಬರೋ ಕಣ್ಣು ನಿಮ್ಮದೇ ಅಂದೆ.' ಫೋನಕ್ಕ ಹಾಳೆಯನ್ನು ಬಿಡಿಸಿ ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೇರ ಮಾಡಿದರು. 'ಇವತ್ತು ನೋಡಿದ್ರೆ ಆರುನೂರ ಹನ್ನೆರಡು ಅಂತ ತೋರಿಸ್ತಿದೆ ಮೇಡಂ. ನಾನು ಕಾಲಂ ಮುಟ್ಟಿಲ್ಲ. ಮೌಸನ್ನೇ ಪಕ್ಕಕ್ಕಿಟ್ಟು ಪ್ರಿಂಟ್ ತೆಗೆಸಿದೀನಿ.'

'ಅವರಿಗೇನಂದ್ರಿ?'

'ಸಿಸ್ಟಂ ಡೌನ್ ಅಂದೆ.' ಸ್ವಲ್ಪ ತಡೆದು, 'ನಿಮಗೋಸ್ಕರ ಒಂದು ಸುಳ್ಳು ಹೇಳಿದೆ. ನಾಳೆಗೆ ಇನ್ನೊಂದು ನನ್ನ ಕೈಲಿ ಆಗಲ್ಲ' ಎಂದರು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳಿಗೆ ಒಂದಿಷ್ಟು ಆಧಾರವಾದರೂ ಸಿಗುತ್ತಿತ್ತು.

ಫೋನಕ್ಕ ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡು ಹೊಸ ಉಪಕರಣವನ್ನು ತೆರೆದಳು. ಇದನ್ನು ಆರಿಸಿದವಳು ಅವಳೇ. ಡೇಟಾಬೇಸನ್ನು ನೋಡಿಕೊಳ್ಳಲು ಯಾವ ಉಪಕರಣ ಕೊಳ್ಳಬೇಕೆಂದು ಮೂರನ್ನು ತರಿಸಿ, ಒಂದು ವಾರ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಹತ್ತಕ್ಕೆ ಇಂತಿಷ್ಟೆಂದು ಅಂಕ ಕೊಟ್ಟಿದ್ದಳು. ಮೊದಲನೆಯದು ಹಳೆಯ ಕಾಲದ್ದು, ಕಪ್ಪು ಪರದೆ, ಎಲ್ಲವನ್ನೂ ಕೈಯಲ್ಲೇ ಬರೆಯಬೇಕು. ಎರಡನೆಯದು ಎಲ್ಲದಕ್ಕೂ ಸಾಧಾರಣ. ಮೂರನೆಯದರಲ್ಲಿ ಒಂದು ಗುಂಡಿ ಇತ್ತು: ಒತ್ತಿದರೆ ಹಳೆಯ ಕ್ವೆರಿ ತಾನಾಗಿ ಹೊಸ ಭಾಷೆಗೆ ತಿರುಗುತ್ತಿತ್ತು, ಪಕ್ಕದಲ್ಲಿ ಹಸಿರು ಗುರುತು ಬೀಳುತ್ತಿತ್ತು. ಅದನ್ನು ಮಾರಲು ಬಂದಿದ್ದ ಯುವಕ ಎಲ್ಲ ವೈದ್ಯರ ಎದುರಿಗೆ, 'ನಾನು ಎಷ್ಟೋ ಕಡೆ ಹೋಗಿದ್ದೀನಿ, ಇಷ್ಟು ಒಳಗಿನ ಪ್ರಶ್ನೆ ಕೇಳಿದವರು ಈ ಮೇಡಂ ಒಬ್ಬರೇ' ಎಂದಿದ್ದ. ಆ ಕ್ಷಣದಲ್ಲಿ ಕಿವಿಯ ತುದಿ ಬಿಸಿಯಾದದ್ದು ಈಗ ನೆನಪಾಗಿ ಅದೇ ಕಿವಿ ಬೇರೆ ಥರದಲ್ಲಿ ಬಿಸಿಯಾಯಿತು. ಇನ್ನೂರ ಹದಿನಾಲ್ಕರಲ್ಲಿ ನೂರ ಎಂಬತ್ತೇಳಕ್ಕೆ ಹಸಿರು ಬಿತ್ತು, ಇಪ್ಪತ್ತೇಳಕ್ಕೆ ಕೆಂಪು. ಕೆಂಪಾದ ಇಪ್ಪತ್ತೇಳನ್ನು ಮೂರು ವಾರ ಕೂತು, ಕತ್ತು ಹಿಡಿಯುವ ತನಕ ತಿದ್ದಿದಳು. ಹಸಿರಾದವುಗಳನ್ನು ತೆರೆದೂ ನೋಡಲಿಲ್ಲ. ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಉತ್ತರಪತ್ರಿಕೆಯನ್ನು ಯಾರು ಮತ್ತೆ ಓದುತ್ತಾರೆ? ಕಾಯುವವರ ಪಟ್ಟಿಯ ಕ್ವೆರಿ ಹಸಿರಾದವುಗಳಲ್ಲಿ ಒಂದು. ಬರೀ ಏಳು ಸಾಲು.

ಈಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ತಾಯಿ ಮಕ್ಕಳಂತಿದ್ದವು. ಹೆಸರುಗಳನ್ನು ದಿನಾಂಕದ ಪ್ರಕಾರ ಜೋಡಿಸು, ದಿನಾಂಕ ಒಂದೇ ಆದರೆ ಪುಸ್ತಕದ ಕ್ರಮಸಂಖ್ಯೆಯ ಪ್ರಕಾರ ಜೋಡಿಸು, ಅಷ್ಟೇ. ಒಂದೇ ವ್ಯತ್ಯಾಸವೆಂದರೆ ಹಳೆಯದರಲ್ಲಿ ಏಳು ಸಾಲಿನ ತಲೆಯ ಮೇಲೆ ಎರಡು ಸಾಲಿನ ಒಂದು ಟಿಪ್ಪಣಿ ಇತ್ತು, ಹೊಸದರಲ್ಲಿ ಇರಲಿಲ್ಲ. ಟಿಪ್ಪಣಿಗಳನ್ನು ತೆಗೆದುಹಾಕಬೇಕೇ ಎಂದು ಉಪಕರಣ ಕೇಳಿದ್ದಾಗ, ಮನೆ ಬದಲಾಯಿಸುವಾಗ ಹಳೆಯ ಡಬ್ಬಿಗಳನ್ನು ಎಸೆಯುವ ಉಲ್ಲಾಸದಲ್ಲಿ ಹೌದು ಎಂದಿದ್ದಳು. ಟಿಪ್ಪಣಿ ಕನ್ನಡದಲ್ಲಿತ್ತು, ಇಂಗ್ಲಿಷ್ ಅಕ್ಷರಗಳಲ್ಲಿ. 'ಗಮನಿಸಿ: ದಿನಾಂಕ ಇಲ್ಲದವರು ಎಲ್ಲರಿಗಿಂತ ಮೇಲೆ ಬರುತ್ತಾರೆ. ಬರಬೇಕು. ಇವರು ಪುಸ್ತಕದ ಕಾಲದವರು, ಎಲ್ಲರಿಗಿಂತ ಮುಂಚೆ ಬಂದವರು. ದಯವಿಟ್ಟು ಮುಟ್ಟಬೇಡಿ.' ಅವಳು ಓದಿದಳು. ಮತ್ತೆ ಓದಿದಳು. ಕಂಪ್ಯೂಟರ್ ಬರುವ ಮುಂಚೆ ಹೆಸರುಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ದಿನಾಂಕ ಪ್ರತಿ ಪುಟದ ನೆತ್ತಿಯಲ್ಲಿ ಮಾತ್ರ ಇತ್ತು, ಆ ನೆತ್ತಿಗಳನ್ನು ಗೆದ್ದಲು ತಿಂದಿತ್ತು. ಹಾಗಾಗಿ ಅಲ್ಲಿಂದ ಬಂದ ಮುನ್ನೂರ ಮೂವತ್ತು ಜನರ ದಿನಾಂಕದ ಖಾನೆ ಖಾಲಿ. ಹಳೆಯ ಡೇಟಾಬೇಸು ಖಾಲಿಯನ್ನು ಎಲ್ಲಕ್ಕಿಂತ ಚಿಕ್ಕದೆಂದು ತಿಳಿದು ಮೊದಲು ಇಡುತ್ತಿತ್ತು. ಹೊಸದು ಖಾಲಿಯನ್ನು ಎಲ್ಲಕ್ಕಿಂತ ದೊಡ್ಡದೆಂದು ತಿಳಿದು ಕೊನೆಗೆ ಇಡುತ್ತದೆ. ಎರಡೂ ತಪ್ಪಲ್ಲ. ಒಂದೊಂದು ಮನೆಯಲ್ಲಿ ಚಪ್ಪಲಿ ಒಳಗೆ ಬಿಡುತ್ತಾರೆ, ಒಂದೊಂದು ಮನೆಯಲ್ಲಿ ಹೊರಗೆ. ಅದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು. ಹನ್ನೆರಡು ವರ್ಷದಲ್ಲಿ ಮುನ್ನೂರ ಮೂವತ್ತು ಕರಗಿ ನಲವತ್ತೊಂದಾಗಿತ್ತು. ಆ ನಲವತ್ತೊಂದು ಜನ ಈಗ ಆರುನೂರ ಹನ್ನೊಂದು ಜನರ ಹಿಂದೆ ನಿಂತಿದ್ದರು. ತಿಂಗಳಿಗೆ ಎರಡು ಕಣ್ಣು. ಲೆಕ್ಕ ಹಾಕಲು ಕಾಗದ ಬೇಕಿರಲಿಲ್ಲ, ಇಪ್ಪತ್ತೈದು ವರ್ಷ. ಪಟ್ಟಿಯ ಯಾವ ಎಣಿಕೆಯಲ್ಲೂ ಇದು ಕಾಣುವಂತಿರಲಿಲ್ಲ, ಏಕೆಂದರೆ ಯಾರೂ ಕಳೆದುಹೋಗಿರಲಿಲ್ಲ. ಎಲ್ಲರೂ ಇದ್ದರು. ಹಿಂದೆ ಹೋಗಿದ್ದರು, ಅಷ್ಟೇ. ಬದಲಾವಣೆಯಾದ ಮೇಲೆ ಮೂರು ಕಣ್ಣು ಬಂದಿದ್ದವು. ಒಂದು, ಫೋನಕ್ಕ ಮೊದಲ ಸಲ ಬಂದು ಹೇಳುವುದಕ್ಕೆ ಮುಂಚೆ. ಉಳಿದ ಎರಡೂ ಅವರು ಹೇಳಿದ ಮೇಲೆ.

ಟಿಪ್ಪಣಿ ಬರೆದವರು ಅವಳಿಗಿಂತ ಮುಂಚೆ ಡೇಟಾಬೇಸು ನೋಡಿಕೊಳ್ಳುತ್ತಿದ್ದ ಅಲ್ಪವಿರಾಮ ಸಾರ್. ಅವರು ಕ್ವೆರಿ ಬರೆಯುವಾಗ ಸಾಲಿನ ಕೊನೆಗೆ ಹಾಕುವ ಅಲ್ಪವಿರಾಮವನ್ನು ಮುಂದಿನ ಸಾಲಿನ ತಲೆಗೆ ಹಾಕುತ್ತಿದ್ದರು. ಹಾಗೆ ಹಾಕಿದರೆ ಒಂದು ಬಿಟ್ಟುಹೋದರೂ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಿದ್ದರು. ಅವರ ಬೀಳ್ಕೊಡುಗೆಯ ದಿನ ಅವಳು ಮೈಕಿನ ಮುಂದೆ ನಿಂತು, 'ನಮ್ಮ ಸಾರ್ ಅಲ್ಪವಿರಾಮಾನ ಸಾಲಿನ ಮೊದಲಿಗೇ ಹಾಕ್ತಾರೆ. ಅಂದ್ರೆ ಕೆಲಸ ಶುರು ಮಾಡೋ ಮುಂಚೆಯೇ ವಿಶ್ರಾಂತಿ!' ಎಂದಿದ್ದಳು. ಸಭೆ ಘೊಳ್ಳೆಂದು ನಕ್ಕಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ವಾರ ಪೂರ್ತಿ ರಜೆ ಹಾಕಿರದ ಮನುಷ್ಯ ಎಲ್ಲರೂ ನಕ್ಕ ಮೇಲೆ, ಅರ್ಥವಾಗಲು ತಡವಾಯಿತೆಂಬಂತೆ, ಕೊನೆಯಲ್ಲಿ ನಕ್ಕರು. ಅದಕ್ಕೂ ಮುಂಚಿನ ವಾರ ಅವಳ ಮೇಜಿನ ಹತ್ತಿರ ಬಂದು, 'ಎರಡು ಗಂಟೆ ಬಿಡುವು ಮಾಡ್ಕೊಳ್ಳಮ್ಮ, ಪಟ್ಟಿ ವಿಷಯ ಒಂದಿಷ್ಟು ಹೇಳ್ಬೇಕು' ಎಂದಿದ್ದರು. 'ಎಲ್ಲಾ ಕೋಡಿನಲ್ಲೇ ಇದೆಯಲ್ಲ ಸಾರ್, ಓದ್ಕೋತೀನಿ' ಎಂದಿದ್ದಳು ಅವಳು. ಓದಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು.

ಕಿಟಕಿಯಾಚೆ ಹೊರರೋಗಿಗಳ ಸಾಲು ಬೆಳೆಯುತ್ತಿತ್ತು. ಬಿಸಿಲು ತಪ್ಪಿಸಲು ಒಬ್ಬರ ನೆರಳಿನಲ್ಲಿ ಒಬ್ಬರು ನಿಂತಿದ್ದರು. ಎಂಟು ವರ್ಷದವಳಿದ್ದಾಗ ಅವಳೂ ಹೀಗೇ ಒಂದು ಸಾಲಿನಲ್ಲಿ ಅಮ್ಮನ ಸೆರಗು ಹಿಡಿದು ನಿಂತಿದ್ದಳು, ಅಮ್ಮನ ಕೈ ಮುರಿದಿತ್ತು. ನೀರು ಕುಡಿಯಲು ಎರಡು ನಿಮಿಷ ಪಕ್ಕಕ್ಕೆ ಹೋಗಿ ಬರುವಷ್ಟರಲ್ಲಿ ಜಾಗ ಮುಚ್ಚಿಹೋಗಿತ್ತು. ಅಮ್ಮ ಜಗಳವಾಡುವವಳಲ್ಲ, ಸುಮ್ಮನೆ ಸಾಲಿನ ಕೊನೆಗೆ ನಡೆಯತೊಡಗಿದಳು. ಆಗ ಎಲೆಬಣ್ಣದ ಸೀರೆಯ ಒಬ್ಬ ಹೆಂಗಸು, ಗುರುತು ಪರಿಚಯ ಏನೂ ಇಲ್ಲದವಳು, ಕಿಟಕಿಗೆ ಕೇಳುವಂತೆ, 'ಏಯ್, ಇವರು ನನಗಿಂತ ಮುಂಚೆ ಬಂದಿದ್ರು, ನಾನು ನೋಡಿದ್ದೀನಿ' ಎಂದು ಕೂಗಿ ಅಮ್ಮನ ರಟ್ಟೆ ಹಿಡಿದು ತನ್ನ ಮುಂದೆ ನಿಲ್ಲಿಸಿಕೊಂಡಿದ್ದಳು. ಆ ಹೆಂಗಸಿನ ಮುಖ ನೆನಪಿಲ್ಲ. ದನಿ ನೆನಪಿದೆ. ಇಷ್ಟು ವರ್ಷ ತಾನು ಯಾವ ಕಡೆಯವಳೆಂದುಕೊಂಡಿದ್ದೆ, ಎಂದು ಅವಳಿಗೆ ಅನ್ನಿಸಿತು. ಮೇಜಿನ ಮೇಲೆ ಫೋನಕ್ಕನ ಹಾಳೆ ಮಡಿಕೆಗಳ ಗೆರೆ ಬಿಟ್ಟುಕೊಂಡು ಬಿದ್ದಿತ್ತು. ಅವರು ನೇರವಾಗಿ ನಿರ್ದೇಶಕರ ಕೋಣೆಗೆ ಹೋಗಬಹುದಿತ್ತು. ಗುಮಾಸ್ತರ ಎದುರಿಗೆ ಬಂದು ಹೇಳಬಹುದಿತ್ತು. ಯಾರೂ ಇಲ್ಲದ ಹೊತ್ತು ನೋಡಿ, ಬಾಗಿಲಲ್ಲಿ ಕಾದು ನಿಂತಿದ್ದರು.

ನಿರ್ದೇಶಕರು ಶಸ್ತ್ರಚಿಕಿತ್ಸೆಗೆ ಹೋಗುವ ತರಾತುರಿಯಲ್ಲಿದ್ದರು. ಅವಳು ನಿಂತೇ ಹೇಳಿದಳು, ಫೋನಕ್ಕ ಎರಡು ವಾರದ ಹಿಂದೆಯೇ ಎಚ್ಚರಿಸಿದ್ದನ್ನೂ ಸೇರಿಸಿ. ಅವರು ಕೈ ಉಜ್ಜಿಕೊಳ್ಳುತ್ತ ಕೇಳಿದರು: 'ಆ ಮೂರು ಕಣ್ಣು ಯಾರಿಗೆ ಹೋಯ್ತು?'

'ದಿನಾಂಕ ಇರೋರಲ್ಲಿ ಮೊದಲಿನ ಮೂವರಿಗೆ ಸರ್.'

'ಅಂದ್ರೆ ಅವರೂ ಹನ್ನೆರಡು ವರ್ಷ ಕಾದೋರೇ.'

'ಹೌದು ಸರ್.'

'ಸರಿ ಮಾಡೋದಕ್ಕೆ ಎಷ್ಟು ಹೊತ್ತು ಬೇಕು?'

'ಖಾಲಿ ಮೊದಲು ಅಂತ ಎರಡು ಪದ ಸೇರಿಸಬೇಕು. ಐದು ನಿಮಿಷ.'

ಅವರು ಗಡಿಯಾರದ ಕಡೆ ನೋಡಿದರು. 'ಹಾಗಾದ್ರೆ ಮುಂದಿನ ಕಣ್ಣು ತಾನಾಗೇ ಸರಿಯಾದವರಿಗೆ ಹೋಗುತ್ತೆ. ಇದನ್ನ ಯಾರಿಗಾದ್ರೂ ಹೇಳೋ ಅಗತ್ಯ ಇದೆಯಾ?' ಅವಳ ಎದೆಯೊಳಗೆ ಒಂದು ಹಗುರ ಗಾಳಿ ಹೊಕ್ಕಿತು. ಐದು ನಿಮಿಷ, ಎರಡು ಪದ, ಯಾರಿಗೂ ಗೊತ್ತಿಲ್ಲ. ಆ ಹಗುರವನ್ನು ಅವಳು ಸ್ಪಷ್ಟವಾಗಿ ಅನುಭವಿಸಿದಳು, ಅನುಭವಿಸಿದ್ದಕ್ಕೆ ಅಸಹ್ಯಪಟ್ಟಳು, ಅಸಹ್ಯದಿಂದಲೇ ಬಾಯಿ ತೆರೆಯಿತು: 'ಹೇಳ್ಬೇಕು ಸರ್. ಕಣ್ಣು ತಪ್ಪಿಹೋದ ಮೂವರಿಗೂ.'

ನಿರ್ದೇಶಕರು ಅವಳನ್ನು ಮೊದಲ ಸಲ ನೋಡುವಂತೆ ನೋಡಿದರು. 'ಫೋನಲ್ಲಿ ಬೇಡ ಹಾಗಾದ್ರೆ. ಹೋಗಿ ಹೇಳಿ. ಆಸ್ಪತ್ರೆ ಕಡೆಯಿಂದ ಅಂತ ಹೇಳಿ, ನಿಮ್ಮೊಬ್ಬರದ್ದೇ ಅಂತ ತಲೆ ಮೇಲೆ ಎಳ್ಕೋಬೇಡಿ. ಹಸಿರು ಗುರುತು ನೋಡಿ ಸಹಿ ಹಾಕಿದವರಲ್ಲಿ ನಾನೂ ಇದ್ದೀನಿ.' ಅವರು ಹೊರಟುಹೋದರು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ತನಕ ಅವಳು ಅಲ್ಲೇ ನಿಂತಿದ್ದಳು. ಇಷ್ಟು ಸಿಗುತ್ತದೆಂದು ಅವಳು ಎಣಿಸಿರಲಿಲ್ಲ.

ಎರಡು ಪದ ಸೇರಿಸುವ ಮುಂಚೆ ಅವಳು ಅಲ್ಪವಿರಾಮ ಸಾರ್‌ಗೆ ಫೋನ್ ಮಾಡಿದಳು. ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ. 'ಏನಮ್ಮ, ಬದುಕಿದ್ದೀನಾ ಅಂತ ನೋಡೋದಕ್ಕಾ?' ಎಂದರು, ನಗುತ್ತಲೇ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಅವರು ನಡುವೆ ಬಾಯಿ ಹಾಕಲಿಲ್ಲ; ಮುಗಿದ ಮೇಲೆ, 'ಗ್ಯಾಸ್ ಆಫ್ ಮಾಡಿ ಬರ್ತೀನಿ, ಇರು' ಎಂದು ಹೋಗಿ ಬಂದರು.

'ನಿಂದು ತಪ್ಪೇ ಇಲ್ಲ ಅಂತ ಹೇಳಲ್ಲ ಕಣಮ್ಮ. ಆದ್ರೆ ನಿಂದೊಂದೇ ಅಲ್ಲ. ಖಾಲಿ ಇದ್ದೋರು ಮೊದಲು ಬರ್ಬೇಕು ಅಂತ ನಾನು ಕ್ವೆರಿಯಲ್ಲೇ ಬಿಡಿಸಿ ಬರೀಬಹುದಿತ್ತು. ಒಂದು ಸಾಲು ಜಾಸ್ತಿ ಆಗ್ತಿತ್ತು. ಹೇಗೂ ಡೇಟಾಬೇಸೇ ಮಾಡ್ಕೊಳ್ಳುತ್ತಲ್ಲ ಅಂತ ಅದರ ಅಭ್ಯಾಸದ ಮೇಲೆ ಭಾರ ಹಾಕಿ ಬಿಟ್ಟೆ. ಒಂದು ಸಾಲು ಬರೆಯೋ ಸೋಮಾರಿತನಕ್ಕೆ ಎರಡು ಸಾಲು ಟಿಪ್ಪಣಿ ಬರೆದಿದ್ದೀನಿ ನೋಡು, ಎಂಥಾ ಬುದ್ಧಿವಂತ!'

'ಸಾರ್, ಅವತ್ತು ನಿಮ್ಮ ಬೀಳ್ಕೊಡುಗೆಯಲ್ಲಿ ನಾನು...'

'ಅದಾ? ಮನೇಲಿ ನನ್ನ ಹೆಂಡತಿ ಈಗ್ಲೂ ಹೇಳ್ತಾಳೆ ಆ ಜೋಕು. ನಾನು ತರಕಾರಿ ಹೆಚ್ಚೋಕೆ ಮುಂಚೆ ಕೂತ್ರೆ ಸಾಕು, ಶುರುವಾಯ್ತು ನೋಡಿ ಅಲ್ಪವಿರಾಮ ಅಂತಾಳೆ.' ಸ್ವಲ್ಪ ತಡೆದು, 'ಅವತ್ತು ಮಾತ್ರ ಸ್ವಲ್ಪ ಚುಚ್ಚಿತು' ಎಂದರು. ಚುಚ್ಚಿತೆಂದು ಹೇಳಿದ್ದಕ್ಕೆ ಅವಳಿಗೆ ಅಳು ಬಂತು. ಚುಚ್ಚಲೇ ಇಲ್ಲ ಎಂದಿದ್ದರೆ ಆ ಮುಳ್ಳನ್ನು ಅವಳು ಎಲ್ಲಿ ಇಳಿಸಬೇಕಿತ್ತು?

ಇನ್ನಿಬ್ಬರ ಊರು ದೂರ. ಅಲ್ಲಿಗೆ ನಾಳೆ, ನಾಡಿದ್ದು. ಬೀಗದವರ ಅಂಗಡಿ ಆಸ್ಪತ್ರೆಯಿಂದ ಮೂರೇ ಸ್ಟಾಪು. ಒಂದು ಕಡೆ ಗಡಿಯಾರದ ಅಂಗಡಿ, ಇನ್ನೊಂದು ಕಡೆ ಮೇಲಂತಸ್ತಿಗೆ ಹೋಗುವ ಮೆಟ್ಟಿಲು, ನಡುವೆ ಒಂದು ಬೀರು ಹಿಡಿಸುವಷ್ಟು ಜಾಗ. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಕೊರೆಯದ ಕೀಲಿಗಳು, ನೆಲದಲ್ಲಿ ಹಿತ್ತಾಳೆಯ ಪುಡಿ. ಐವತ್ತೆಂಟರ ಆಚೀಚೆಯ ಮನುಷ್ಯ ಮುಖವನ್ನು ಎಡಕ್ಕೆ ಓರೆ ಮಾಡಿ, ಕೀಲಿಯನ್ನು ಹೆಚ್ಚುಕಡಿಮೆ ಮೂಗಿಗೆ ತಾಗಿಸಿಕೊಂಡು ಅರದಿಂದ ಉಜ್ಜುತ್ತಿದ್ದರು. ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ, ಬಲಗಣ್ಣಿನಲ್ಲಿ ಮಂಜು. ಅವಳು ಎಲ್ಲಿಂದ ಬಂದವಳೆಂದು ಹೇಳಿದಾಗ ಅರ ನಿಂತಿತು. 'ಕಣ್ಣು ಬಂತಾ?' ಎಂದರು. ಆ ಒಂದು ಪ್ರಶ್ನೆಗೆ ಇಡೀ ಮುಖ ಮೇಲೆದ್ದು ಬಂದದ್ದನ್ನು ಅವಳು ನೋಡಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಅಲ್ಲೇ ಉದುರಿದವು.

'ಬಂದಿತ್ತು. ಬಂದಿದ್ದು ನಿಮಗೆ ಸಿಗ್ಬೇಕಿತ್ತು. ನನ್ನ ತಪ್ಪಿಂದ ಬೇರೆಯವರಿಗೆ ಹೋಯ್ತು' ಎಂದಳು. ಆಸ್ಪತ್ರೆಯ ಕಡೆಯಿಂದ ಎಂದು ಹೇಳಬೇಕೆಂಬುದು ಮರೆತೇ ಹೋಯಿತು.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಅವನಿಗೆ ಎರಡು ಕೀಲಿ ಬೇಕಿತ್ತು. ಅವರು ಎರಡನ್ನೂ ಮಾಡಿಕೊಡುವ ತನಕ ಅವಳು ಮೆಟ್ಟಿಲ ಪಕ್ಕದಲ್ಲಿ, ದಾರಿಗೆ ಅಡ್ಡವಾಗದಂತೆ ಒತ್ತಿಕೊಂಡು ನಿಂತಳು. ಕೂರಿ ಎನ್ನಲಿಲ್ಲ. ಹಾಗೆ ನಿಲ್ಲಿಸಿದ್ದು ಸರಿಯೆನಿಸಿತು. ಗಿರಾಕಿ ಹೋದ ಮೇಲೆ, 'ಹೇಗಾಯ್ತು ಹೇಳಿ' ಎಂದರು. ಅವಳು ಹೇಳಿದಳು: ರಿಜಿಸ್ಟರು, ಗೆದ್ದಲು, ಖಾಲಿ ಖಾನೆ, ಒಂದು ಯಂತ್ರ ಖಾಲಿಯನ್ನು ಮುಂದೆ ಇಡುವುದು, ಇನ್ನೊಂದು ಹಿಂದೆ ಇಡುವುದು, ಹೊರಡುವ ಮುಂಚೆ ಎರಡು ಪದ ಸೇರಿಸಿ ಅದನ್ನು ಸರಿ ಮಾಡಿದ್ದು. ಅವರು ತಲೆಯಾಡಿಸುತ್ತ ಕೇಳಿದರು, ಪಕ್ಕದ ಅಂಗಡಿಯವರ ಕಸುಬಿನ ಕಷ್ಟ ಕೇಳುವವರಂತೆ.

'ಹದಿನಾಲ್ಕು ವರ್ಷದಲ್ಲಿ ಆಸ್ಪತ್ರೆಯಿಂದ ಒಬ್ಬರೂ ನನ್ನ ಅಂಗಡಿಗೆ ಬಂದಿಲ್ಲ. ಬಂದವರು ಇದಕ್ಕಾ ಬಂದ್ರಿ?' ಎಂದರು. 'ಕ್ಷಮಿಸಿ ಅಂತ ಕೇಳ್ಬೇಡಿ ಮೇಡಂ. ಕೋಪ ಇದೆ ನನಗೆ. ನಾಲ್ಕು ದಿನ ಇರ್ಲಿ ಅದು, ತಾನಾಗೇ ಹೋಗುತ್ತೆ. ಆ ಕಣ್ಣು ಯಾರಿಗೆ ಹೋಯ್ತು?'

'ಹೆಸರು ಹೇಳೋ ಹಾಗಿಲ್ಲ. ನಿಮ್ಮ ನಂತರ, ಕಂಪ್ಯೂಟರ್ ಬಂದ ಮೇಲೆ ಹೆಸರು ಬರೆಸಿದವರು.'

'ಕಾಣ್ತಾ ಇದೆಯಾ ಅವರಿಗೆ?'

ಅವಳಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಆಸ್ಪತ್ರೆಯಲ್ಲಿದ್ದಳು, ನಾಲ್ಕು ವರ್ಷದಿಂದ ಆ ಪಟ್ಟಿ ಅವಳ ಕೈಯಲ್ಲೇ ಇತ್ತು. ಪಟ್ಟಿಯಿಂದ ಹೆಸರು ಹೋದ ಮೇಲೆ ಏನಾಯಿತೆಂದು ಕೇಳುವ ಒಂದು ಕ್ವೆರಿಯೂ ಇನ್ನೂರ ಹದಿನಾಲ್ಕರಲ್ಲಿ ಇರಲಿಲ್ಲ. ಅಲ್ಲೇ ನಿಂತು ಫೋನಕ್ಕನಿಗೆ ಫೋನ್ ಮಾಡಿದಳು. 'ಕಾಣುತ್ತೆ ಮೇಡಂ. ಮೊನ್ನೆ ಕಣ್ಣಿನ ಪಟ್ಟಿ ಬಿಚ್ಚಿದ್ರು. ಗೋಡೆ ಮೇಲಿನ ಅಕ್ಷರ ನಾಲ್ಕು ಸಾಲು ಓದಿದ್ರಂತೆ' ಎಂದರು ಫೋನಕ್ಕ, ಹುಡುಕದೆ. ಅವಳು ಅದನ್ನು ಹಾಗೇ ದಾಟಿಸಿದಳು. ಬೀಗದವರು, 'ನಾಲ್ಕು ಸಾಲಾ' ಎಂದು ಅರವನ್ನು ಮತ್ತೆ ಕೈಗೆತ್ತಿಕೊಂಡು ಕೆಳಗಿಟ್ಟರು. 'ಸರಿ ಬಿಡಿ. ಹಾಳಾಗಲಿಲ್ಲವಲ್ಲ.'

ಆಮೇಲೆ ಅವರೇ ಕೇಳಿದರು: 'ಈಗ ಎರಡು ಪದ ಹಾಕಿ ಸರಿ ಮಾಡಿದ್ರಿ. ಇನ್ನು ಐದು ವರ್ಷಕ್ಕೆ ಇನ್ನೊಂದು ಹೊಸ ಯಂತ್ರ ತರ್ತೀರಿ. ಆಗ?' ಅವಳ ಉತ್ತರಕ್ಕೆ ಕಾಯದೆ ಮುಂದುವರಿಸಿದರು: 'ಬೀಗ ಕೂತ್ಕೊಳ್ತಿಲ್ಲ ಅಂತ ಜನ ಬರ್ತಾರೆ. ನೂರಕ್ಕೆ ಅರವತ್ತು ಸಲ ಬೀಗ ಸರಿಯಾಗೇ ಇರುತ್ತೆ, ಬಾಗಿಲು ಜಗ್ಗಿರುತ್ತೆ. ನೀವು ಬೀಗ ಉಜ್ಜಿದ್ದೀರಿ ಅಷ್ಟೇ. ಆ ಖಾಲಿ ಖಾನೇಲಿ ದಿನಾಂಕ ಬರೆದುಬಿಡಿ, ತೀರಿತು.'

'ಪುಟ ಗೆದ್ದಲು ತಿಂದಿದೆಯಲ್ಲ...'

'ಪುಟ ತಿಂತು. ನನ್ನನ್ನ ತಿಂತಾ?' ಅವರು ಎದ್ದು, ಗೋಡೆಯ ಮೇಲ್ಗಡೆ ಬೆರಳಾಡಿಸಿ, ಒಂದು ಮೊಳೆಯಿಂದ ಒಂಟಿ ಕೀಲಿಯೊಂದನ್ನು ತೆಗೆದರು. 'ಎಡಗಣ್ಣು ಹೋಯ್ತು ಅಂತ ಡಾಕ್ಟ್ರು ಹೇಳಿ, ನಿಮ್ಮ ಪುಸ್ತಕದಲ್ಲಿ ಹೆಸರು ಬರೆಸಿ, ವಾಪಸ್ ಬಂದು ಕೂತು ಮಾಡಿದ ಮೊದಲ ಕೀಲಿ ಇದು. ತಪ್ಪಾಯ್ತು. ನನ್ನ ಜೀವಮಾನದಲ್ಲೇ ಮೊದಲ್ನೇ ತಪ್ಪು ಕೀಲಿ. ಎಸೆಯೋಕೆ ಮನಸ್ಸಾಗಲಿಲ್ಲ, ತಾರೀಖು ಹೊಡೆದು ನೇತು ಹಾಕ್ದೆ.' ಕೀಲಿಯ ತಲೆಯ ಮೇಲೆ ಅಂಕಿಗಳನ್ನು ಒಂದೊಂದಾಗಿ ಉಳಿಯಿಂದ ಹೊಡೆದು ಮೂಡಿಸಿದ್ದರು: ದಿನ, ತಿಂಗಳು, ವರ್ಷ. ಅವಳು ಬೆರಳಿನಿಂದ ಮುಟ್ಟಿ ಓದಿದಳು, ಬೆಳಕು ಬೇಕಾದಷ್ಟಿದ್ದರೂ. ಬರೆದುಕೊಂಡಳು. ಅವರು ಮತ್ತೆ ಕೆಲಸಕ್ಕೆ ಕೂತರು. ಅವಳು ಹೊರಟಾಗ ತಲೆ ಎತ್ತದೆ, 'ಬಂದಿದ್ದು ಒಳ್ಳೇದಾಯ್ತು' ಎಂದರು, ಕೋಪ ಬಿಡದೆಯೇ.

ಮಧ್ಯಾಹ್ನ ಎರಡೂವರೆಗೆ ಅವಳು ಫೋನಕ್ಕನ ಕೋಣೆಯಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡು ಕೂತಳು. ಹನ್ನೊಂದು ವರ್ಷದಲ್ಲಿ ಆ ಕೋಣೆಗೆ ಅವಳು ಬಂದು ಕೂತದ್ದು ಇದೇ ಮೊದಲು. ಎರಡು ವಾರದ ಹಿಂದಿನ ಮಾತಿಗೆ ತಪ್ಪಾಯಿತು ಎಂದಳು. 'ಆ ಗುಮಾಸ್ತರ ಎದುರಿಗೂ ಹೇಳ್ತೀನಿ' ಎಂದಳು. ಫೋನಕ್ಕ, 'ಅಯ್ಯೋ, ಅವರ ಎದುರಿಗೆಲ್ಲ ಯಾಕೆ ಮೇಡಂ' ಎಂದರು. ಎರಡು ಕ್ಷಣ ಬಿಟ್ಟು, 'ಹೇಳಿದ್ರೆ ಬೇಡ ಅನ್ನಲ್ಲ' ಎಂದರು. ಇಬ್ಬರೂ ನಕ್ಕರು. ಆಮೇಲೆ ಖುದ್ದಾಗಿ ಹೋಗಿ ಹೇಳಬೇಕಾದ ಇನ್ನಿಬ್ಬರನ್ನು ಬಿಟ್ಟು ಉಳಿದ ಮೂವತ್ತೆಂಟು ನಂಬರುಗಳನ್ನು ಸಮನಾಗಿ ಹಂಚಿಕೊಂಡು ಶುರು ಮಾಡಿದರು. ಏಳು ಫೋನು ಯಾರೂ ಎತ್ತಲಿಲ್ಲ. ಒಬ್ಬರು ತೀರಿಹೋಗಿದ್ದರು, ಅವರ ಮಗ, 'ಅಪ್ಪ ಕೊನೆತನಕ ಕೇಳ್ತಿದ್ರು, ಫೋನ್ ಬಂತಾ ಅಂತ. ಬಂತಲ್ಲ, ಥ್ಯಾಂಕ್ಸ್' ಎಂದ. ಅವಳು ಆ ಸಾಲಿನ ಮುಂದೆ ಇವತ್ತಿನ ತಾರೀಖು ಬರೆದಳು. ಉಳಿದ ಎಲ್ಲರಿಗೂ ತಾವು ಬಂದ ದಿನ ನೆನಪಿತ್ತು, ಹೆಚ್ಚೆಂದರೆ ಒಂದೆರಡು ದಿನದ ಅನುಮಾನ. ಒಬ್ಬರಿಗೆ ಅದು ಕೆಲಸ ಬಿಡಿಸಿದ ಮಾರನೇ ದಿನ. ಒಬ್ಬರ ಹತ್ತಿರ ಬಸ್ ಟಿಕೆಟ್ ಇತ್ತು. ಒಬ್ಬ ಹೆಂಗಸು ಹಿಂದೆಮುಂದೆ ನೋಡದೆ ತಾರೀಖು ಹೇಳಿ, 'ಯಾಕಮ್ಮ, ನಿಮ್ಮ ಹತ್ರ ಇರಲಿಲ್ಲವಾ?' ಎಂದರು. 'ಇರಲಿಲ್ಲ' ಎಂದಳು ಅವಳು. 'ಕೇಳೋದಲ್ವಾ!' ಎಂದರು ಆ ಹೆಂಗಸು. ಹನ್ನೆರಡು ವರ್ಷ, ಎರಡು ಡೇಟಾಬೇಸು, ಮೂರು ಉಪಕರಣಗಳ ಮೌಲ್ಯಮಾಪನ. ಯಾರೂ ಕೇಳಿರಲಿಲ್ಲ.

ಐದಾಗುತ್ತ ಬಂದಾಗ ಅವಳ ಪಾಲಿನ ಕೊನೆಯ ನಂಬರು. ಒಬ್ಬ ಅಜ್ಜಿ ಎತ್ತಿದರು. 'ತಾರೀಖು ಗೀರೀಖು ಗೊತ್ತಿಲ್ಲ ತಾಯಿ, ನಾನು ಓದಿದವಳಲ್ಲ. ನನ್ನ ಮೊಮ್ಮಗಳು ಹುಟ್ಟಿದ್ದಳು. ತಂದು ಕೈಯಲ್ಲಿ ಕೊಟ್ರು. ಮುಖ ಕಾಣಲಿಲ್ಲ. ಬಿಳೀ ಬಟ್ಟೆ ಥರ ಏನೋ ಕಾಣ್ತು, ಅಷ್ಟೇ. ಅದಾಗಿ ಎರಡು ದಿನಕ್ಕೆ ನಿಮ್ಮಲ್ಲಿಗೆ ಬಂದೆ' ಎಂದರು.

'ಮೊಮ್ಮಗಳ ಹುಟ್ಟಿದ ದಿನ ಯಾವುದಜ್ಜಿ?'

'ಅವಳನ್ನೇ ಕೇಳಿ, ಇಲ್ಲೇ ಬಿದ್ಕೊಂಡು ಮೊಬೈಲ್ ನೋಡ್ತಿದ್ದಾಳೆ. ಏಯ್, ಬಾರೇ ಇಲ್ಲಿ, ನೀನು ಹುಟ್ಟಿದ್ದು ಯಾವತ್ತು ಅಂತ ಆಸ್ಪತ್ರೆಯವರು ಕೇಳ್ತಿದ್ದಾರೆ!'

ಏನೋ ಗೊಣಗಾಟ, ಮಂಚದ ಕಿರುಗುಟ್ಟುವಿಕೆ, ಆಮೇಲೆ ಹದಿಮೂರು ವರ್ಷದ ಒಂದು ಸಂಶಯದ ದನಿ: 'ಹಲೋ, ಯಾಕೆ ಬೇಕು ನನ್ನ ಡೇಟ್ ಆಫ್ ಬರ್ತ್?' ಅವಳು ಕಾರಣ ಹೇಳಿದಳು. ಹುಡುಗಿ ಅಜ್ಜಿಯ ಕಡೆಗೆ ತಿರುಗಿರಬೇಕು, ದನಿ ಸ್ವಲ್ಪ ದೂರ ಹೋಯಿತು: 'ನೀನು ನನ್ನ ಮುಖ ನೋಡೇ ಇಲ್ವಾ ಅಜ್ಜಿ?' ಅಜ್ಜಿ ಏನಂದರೋ ಕೇಳಿಸಲಿಲ್ಲ. ಹುಡುಗಿ ಮತ್ತೆ ಹತ್ತಿರ ಬಂದು ತಾರೀಖು ಹೇಳಿದಳು, ನಿಧಾನವಾಗಿ, ಪ್ರತಿ ಅಂಕಿಯನ್ನೂ ಬಿಡಿಸಿ. 'ಅದಕ್ಕೆ ಎರಡು ಸೇರಿಸಿಕೊಳ್ಳಿ ಆಂಟಿ. ಸರಿಯಾಗಿ ಸೇರಿಸಿಕೊಳ್ಳಿ. ಆ ತಿಂಗಳಿಗೆ ಮೂವತ್ತೇ ದಿನ.'

ಅವಳು ಬೆರಳು ಮಡಿಸಿ ಎಣಿಸಿದಳು, ತಿಂಗಳು ದಾಟಿ ಒಂದನೇ ತಾರೀಖು ಬಂತು, ಗಟ್ಟಿಯಾಗಿ ಓದಿ ಹೇಳಿದಳು. 'ಕರೆಕ್ಟ್' ಎಂದಳು ಹುಡುಗಿ. 'ಈಗ ನಮ್ಮ ಅಜ್ಜಿ ನಂಬರ್ ಎಷ್ಟು?'

'ಹದಿನೇಳು.'

'ಹದಿನೇಳಂತೆ ಅಜ್ಜಿ!' ಎಂದು ಹುಡುಗಿ ಕೂಗಿದ್ದು ಪಕ್ಕದ ಕುರ್ಚಿಯಲ್ಲಿದ್ದ ಫೋನಕ್ಕನಿಗೂ ಕೇಳಿಸಿತು. ಅವರು ತಮ್ಮ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಈ ಕಡೆ ನೋಡಿದರು. ಆ ಮನೆಯಲ್ಲಿ ಏನೋ ಪಾತ್ರೆ ಉರುಳಿತು, ಯಾರೋ ನಕ್ಕರು, ಫೋನು ಇಡುವುದನ್ನು ಮರೆತು ಇಬ್ಬರೂ ಒಳಗೆ ಮಾತಾಡುತ್ತಲೇ ಇದ್ದರು. ಅವಳೂ ಇಡಲಿಲ್ಲ. ಕಿವಿಗೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಆ ಖಾನೆಯಲ್ಲಿ ದಿನಾಂಕ ಬರೆದಳು.